ದಿನಕ್ಕೆ 12 ಗಂಟೆ ಮನೆಯ ಹೊರಗಿರುವವರು ವ್ಯಾಯಾಮಕ್ಕೆ ಸಮಯ ಎಲ್ಲಿಂದ ತರಬೇಕು?

ಬೆಳಿಗ್ಗೆ 8ಕ್ಕೆ ಮನೆ ಬಿಟ್ಟು ರಾತ್ರಿ 8ಕ್ಕೆ ಮರಳುವ, ಮನೆಯಲ್ಲಿ ಮೂರು ವರ್ಷದ ಮಗುವಿರುವ ತಾವು ದಿನವೂ ಒಂದು ಗಂಟೆಯನ್ನು ವ್ಯಾಯಾಮಕ್ಕೆ ಹೊಂದಿಸುವುದು ಹೇಗೆ ಎಂದು ಕೇಳಿದ್ದೀರಿ. ಆ ಒಂದು ಗಂಟೆಯನ್ನು ಹುಡುಕುವುದನ್ನೇ ಬಿಟ್ಟುಬಿಡಿ ಎಂಬುದು ನನ್ನ ಉತ್ತರ. ನಾನು ಬೆಂಗಳೂರಿನ ಲೆಕ್ಕಪರಿಶೋಧನಾ ಕಚೇರಿಯೊಂದರಲ್ಲಿ ಕೆಲಸ ಮಾಡುವವನು, ವಯಸ್ಸು 43. ಆ ಗಂಟೆಯ ಬೆನ್ನು ಹತ್ತಿ ಕೆಲವು ವರ್ಷಗಳನ್ನೇ ಕಳೆದುಕೊಂಡ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಒಂದು ಜನವರಿಯಲ್ಲಿ ಜಿಮ್ ಸೇರಿ ಇಡೀ ವರ್ಷದ ಶುಲ್ಕವನ್ನು ಒಟ್ಟಿಗೇ ಕಟ್ಟಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವಂತೆ ಮೊದಲ ಮೂರು ವಾರ ನಸುಕಿನ 5ಕ್ಕೇ ಎದ್ದು ಹೋದೆ. ನಾಲ್ಕನೆಯ ವಾರ ಮಗಳಿಗೆ ಜ್ವರ ಬಂತು, ಎರಡು ದಿನ ತಪ್ಪಿತು, ಮೂರನೆಯ ದಿನ ಹೋಗಲು ಒಂದು ಬಗೆಯ ಸಂಕೋಚವಾಯಿತು, ಅಷ್ಟರಲ್ಲಿ ಮಾರ್ಚ್ ತಿಂಗಳ ವರ್ಷಾಂತ್ಯದ ಕೆಲಸ ಮೈಮೇಲೆ ಬಿದ್ದಿತು. ಇದರಲ್ಲಿ ಜಿಮ್ಮಿನದೇನೂ ತಪ್ಪಿರಲಿಲ್ಲ. ಹೋಗಿ ಬರುವುದು, ಬಟ್ಟೆ ಬದಲಿಸುವುದು, ಬೆವರು ಆರಿದ ಮೇಲೆ ಸ್ನಾನ ಮಾಡುವುದು ಎಲ್ಲ ಸೇರಿ ಒಂದು ಗಂಟೆಯ ವ್ಯಾಯಾಮವು ಎರಡು ಗಂಟೆಯನ್ನು ಕೇಳುತ್ತಿತ್ತು, ನನ್ನ ದಿನದಲ್ಲಿ ಆ ಎರಡು ಗಂಟೆ ಇರಲೇ ಇಲ್ಲ.

ನಿಜವಾಗಿ ಎಷ್ಟು ಬೇಕು ಎಂಬುದನ್ನು ನಾನು ಆಮೇಲೆ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಹೇಳುತ್ತದೆ. ನಮ್ಮಂಥವರಿಗೆ ಇದರಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದಾಗಿ, ಲೆಕ್ಕ ವಾರದ್ದು, ದಿನದ್ದಲ್ಲ. ಎರಡನೆಯದಾಗಿ, ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಎಡೆಬಿಡದೆ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು 2010ರ ಮಾರ್ಗಸೂಚಿಯಲ್ಲಿದ್ದ ಷರತ್ತನ್ನು ಈ ಬಾರಿ ಕೈಬಿಟ್ಟಿದ್ದಾರೆ. ಎರಡು ನಿಮಿಷ ಮೆಟ್ಟಿಲು ಹತ್ತಿದರೆ ಅದೂ ಜಮೆಯಾಗುತ್ತದೆ. ಮಧ್ಯಮ ಶ್ರಮ ಎಂದರೆ ಏನೆಂದು ತಿಳಿಯಲು ಯಂತ್ರವೇನೂ ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ನನ್ನ ಮನೆ ಕೋಣನಕುಂಟೆಯ ಕಡೆ, ಕಚೇರಿ ಗಾಂಧಿ ಬಜಾರಿನ ಹತ್ತಿರ. ಮೊದಲು ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಆಟೊ ಹಿಡಿಯುತ್ತಿದ್ದೆ. ಈಗ ಎರಡು ನಿಲ್ದಾಣ ಮೊದಲೇ, ಸೌತ್ ಎಂಡ್ ಸರ್ಕಲ್‌ನಲ್ಲಿ ಇಳಿದು, ಎಸ್ಕಲೇಟರ್ ಬಿಟ್ಟು ಮೆಟ್ಟಿಲಿಳಿದು, ಬಿರುಸಾಗಿ ನಡೆದು ಸುಮಾರು 20 ನಿಮಿಷದಲ್ಲಿ ಕಚೇರಿ ಸೇರುತ್ತೇನೆ. ಆಟೊಗೆ ಕಾಯುವುದು ತಪ್ಪಿರುವುದರಿಂದ ದಿನಕ್ಕೆ ಹೆಚ್ಚಾಗಿ ತಗಲುವುದು ಐದಾರು ನಿಮಿಷವಷ್ಟೆ. ಐದು ದಿನಕ್ಕೆ 100 ನಿಮಿಷವಾಯಿತು. ಕಚೇರಿಗೆ ಹೋಗುವುದನ್ನು ನಾನು ತಪ್ಪಿಸುವಂತಿಲ್ಲ, ಹಾಗಾಗಿ ಅದಕ್ಕೆ ಗಂಟು ಹಾಕಿದ ನಡಿಗೆಯೂ ತಪ್ಪುವುದಿಲ್ಲ. ನಮ್ಮ ಪಾದಚಾರಿ ಮಾರ್ಗಗಳ ಕಲ್ಲುಚಪ್ಪಡಿಗಳು ಎಲ್ಲಿ ಯಾವಾಗ ಅಲುಗಾಡುತ್ತವೆ ಎಂಬ ಜ್ಞಾನ ಮಾತ್ರ ಬೇಕಾಗುತ್ತದೆ.

ಕೆಲಸದೊಳಗೇ ಬೆರೆತ ಇಂಥ ಚಟುವಟಿಕೆಯಿಂದ ಪ್ರಯೋಜನವುಂಟೇ ಎಂಬ ಅನುಮಾನ ನನಗೂ ಇತ್ತು. ಜೆರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುತ್ತಾ ಟಿಕೆಟ್ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಆ ತಂಡವೇ ಮುಂದೆ ಸಮವಸ್ತ್ರದ ಪ್ಯಾಂಟುಗಳ ಅಳತೆ ತೆಗೆಸಿ ನೋಡಿದಾಗ ಚಾಲಕರ ಸೊಂಟ ನಿರ್ವಾಹಕರದ್ದಕ್ಕಿಂತ ದಪ್ಪವಾಗಿದ್ದುದು ಕಂಡಿತು, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಮೆಟ್ಟಿಲಿಗೇ ಕೊಡಲಾಗದು. ಆದರೂ ಆ ನಿರ್ವಾಹಕರು ಮೆಟ್ಟಿಲು ಹತ್ತಿಳಿದದ್ದು ವ್ಯಾಯಾಮಕ್ಕೆಂದು ಎತ್ತಿಟ್ಟ ಸಮಯದಲ್ಲಲ್ಲ, ಕೆಲಸದ ಭಾಗವಾಗಿಯೇ ಎಂಬುದು ನನಗೆ ಸಾಕಾಯಿತು.

ಬಲದ ವ್ಯಾಯಾಮವನ್ನು ನಾನು ಹಾಲಿನ ಪಾತ್ರೆಗೆ ಕಟ್ಟಿಹಾಕಿದ್ದೇನೆ. ನಮ್ಮ ಮನೆಯಲ್ಲಿ ಬೆಳಗಿನ ಹಾಲು ಕಾಯಿಸುವ ಪಾಳಿ ನನ್ನದು. ಫ್ರಿಜ್ಜಿನಿಂದ ತೆಗೆದ ಅರ್ಧ ಲೀಟರ್ ಹಾಲು ಸಣ್ಣ ಉರಿಯಲ್ಲಿ ಉಕ್ಕಲು ಏಳೆಂಟು ನಿಮಿಷ ಬೇಕು. ಆ ಹೊತ್ತಿನಲ್ಲಿ ಸೋಮವಾರ, ಬುಧವಾರ ಮತ್ತು ಶುಕ್ರವಾರ 15 ಬಸ್ಕಿ ಹೊಡೆದು, ಅಡಿಗೆ ಕಟ್ಟೆಯ ಅಂಚಿಗೆ ಎರಡೂ ಅಂಗೈ ಊರಿ ಮೈಯನ್ನು ಓರೆಯಾಗಿ ಚಾಚಿ 10 ದಂಡ ತೆಗೆದು, ಮತ್ತೆ ಬಸ್ಕಿಗೆ ಬರುತ್ತೇನೆ. ಗರಡಿಯಲ್ಲಿ ಸಾಮು ಮಾಡಿದವರು ನೋಡಿದರೆ ನಕ್ಕಾರು, ಆದರೆ ಮೊದಲ ವಾರ ನನಗೆ ಆರನೆಯ ಬಸ್ಕಿಗೇ ತೊಡೆ ನಡುಗಿ ಕಟ್ಟೆಯನ್ನು ಹಿಡಿದುಕೊಳ್ಳಬೇಕಾಯಿತು. ಎಣಿಕೆಯಲ್ಲಿ ಮೈಮರೆತು ಎರಡು ಬಾರಿ ಹಾಲು ಉಕ್ಕಿಸಿ, ಒಲೆ ತೊಳೆಯುವ ವ್ಯಾಯಾಮವೂ ಆಗಿದೆ. ಮಂಡಿನೋವು, ಎದೆನೋವು ಅಥವಾ ತಲೆಸುತ್ತು ಇರುವವರು ವೈದ್ಯರನ್ನು ಕಂಡ ಮೇಲೆಯೇ ಇದನ್ನು ಆರಂಭಿಸಬೇಕು.

ಉಳಿದ 50 ನಿಮಿಷ ಭಾನುವಾರದ್ದು, ಲಾಲ್‌ಬಾಗಿನಲ್ಲಿ. ಇದಕ್ಕೆ ಮಾತ್ರ ಮನೆಯವರೊಡನೆ ಒಪ್ಪಂದ ಮಾಡಿಕೊಳ್ಳಬೇಕು. ನಾನು ಮೊದಲು ನಡಿಗೆಗೆ ಹೊರಟಾಗ ಮಗಳನ್ನು ಎಬ್ಬಿಸಿ, ತಿಂಡಿ ಮಾಡಿ, ಮನೆ ನೋಡಿಕೊಂಡದ್ದು ಹೆಂಡತಿ. ನನ್ನ ಆರೋಗ್ಯದ ಖರ್ಚು ಅವಳ ಖಾತೆಗೆ ಬೀಳುತ್ತಿದ್ದುದು ತಿಂಗಳೊಪ್ಪತ್ತು ನನ್ನ ಗಮನಕ್ಕೇ ಬರಲಿಲ್ಲ. ಈಗ ಶನಿವಾರದ ಬೆಳಗು ಅವಳದು, ಭಾನುವಾರದ್ದು ನನ್ನದು, ಒಬ್ಬರು ಹೊರಗಿದ್ದಾಗ ಇನ್ನೊಬ್ಬರು ಮನೆಯಲ್ಲಿರುತ್ತೇವೆ. ತಮ್ಮ ಮಗುವಿಗೆ ಮೂರೇ ವರ್ಷವಾದ್ದರಿಂದ ಈ ಮಾತುಕತೆಯನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಿ ಎನ್ನುತ್ತೇನೆ.

ತಪ್ಪಿದ ದಿನಗಳ ವಿಷಯಕ್ಕೆ ಬಂದರೆ, ಸೆಪ್ಟೆಂಬರ್ 30 ತೆರಿಗೆ ಲೆಕ್ಕಪರಿಶೋಧನೆಯ ವರದಿ ಸಲ್ಲಿಸುವ ಗಡುವು. ಆ ತಿಂಗಳ ಕೊನೆಯ ಎರಡು ವಾರ ನಾನು ರಾತ್ರಿ ಹತ್ತಕ್ಕೂ ಕಚೇರಿಯಲ್ಲೇ ಇರುತ್ತೇನೆ. ಆಗ ಬಸ್ಕಿ 15ರಿಂದ ಐದಕ್ಕಿಳಿಯುತ್ತದೆ, ಆದರೆ ಸೊನ್ನೆಗಿಳಿಯುವುದಿಲ್ಲ. ವ್ಯಾಪಾರದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲು ಕಾನೂನಿನಲ್ಲಿ ಅವಕಾಶವಿದೆ. ವ್ಯಾಯಾಮದಲ್ಲಿ ನಾನು ಆ ಅವಕಾಶವನ್ನು ರದ್ದು ಮಾಡಿದ್ದೇನೆ. ಒಮ್ಮೆ ಹಿಂದಿನ ವಾರದ ಬಾಕಿ ತೀರಿಸಲೆಂದು ಒಂದೇ ದಿನ 90 ಬಸ್ಕಿ ಹೊಡೆದು, ಮರುದಿನ ಮೆಟ್ರೊದ ಮೆಟ್ಟಿಲುಗಳನ್ನು ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿದ ಮೇಲೆ ಮಾಡಿದ ತೀರ್ಮಾನವಿದು.

ನಡಿಗೆಯ ಶೂ ಹಾಕಿಕೊಂಡೇ ಮನೆಯಿಂದ ಹೊರಡುತ್ತೇನೆ. ಕಚೇರಿಯ ಶೂ ಮೇಜಿನ ಕೆಳಗಿನ ಖಾನೆಯಲ್ಲಿ, ಒಂದು ಇಸ್ತ್ರಿ ಅಂಗಿ ಮತ್ತು ಸಣ್ಣ ಟವೆಲ್ಲಿನ ಜೊತೆಗಿರುತ್ತದೆ. ಮಳೆ ಜೋರಾಗಿದ್ದ ದಿನ ನ್ಯಾಷನಲ್ ಕಾಲೇಜಿನವರೆಗೂ ಹೋಗಿ, ನಿಲ್ದಾಣದಿಂದ ಹೊರಬರುವ ಮೊದಲು ಅಲ್ಲಿಯ ಮೆಟ್ಟಿಲುಗಳನ್ನು ಎರಡು ಸಲ ಹೆಚ್ಚಾಗಿ ಹತ್ತಿಳಿಯುತ್ತೇನೆ. ಅಲ್ಲಿಯ ಭದ್ರತಾ ಸಿಬ್ಬಂದಿ ಮೊದಮೊದಲು ಏನು ಕಳೆದುಕೊಂಡಿರಿ ಎಂದು ಕೇಳುತ್ತಿದ್ದರು, ಈಗ ಕೇಳುವುದಿಲ್ಲ.