ಶಿಪಿಬೊ-ಕೊನಿಬೊ ಮಡಕೆ: ಚಿತ್ತಾರವನ್ನು ಸುಡುವ ಮೊದಲೇ ಬರೆಯಬೇಕು

ನಮಸ್ಕಾರ. ಸುಟ್ಟ ಮಡಕೆಯ ಮೇಲೆ ಶಿಪಿಬೊ ಮಾದರಿಯ ಗೆರೆಗಳನ್ನು ಅಕ್ರಿಲಿಕ್‌ನಿಂದ ಬರೆದಿರಿ, ನೀರು ತುಂಬಿದ ಮೇಲೆ ಬಣ್ಣ ಸಿಪ್ಪೆಯೇಳುತ್ತಿದೆ, ವಿನ್ಯಾಸವೂ ಕೈಗೆ ಹತ್ತುತ್ತಿಲ್ಲ ಎಂದು ಕೇಳಿದ್ದೀರಿ. ಮೆರುಗಿಲ್ಲದ ಮಡಕೆಯ ಗೋಡೆಯೊಳಗಿಂದ ತೇವ ಹೊರಗೆ ಬರುತ್ತಲೇ ಇರುವುದರಿಂದ ಮೇಲೆ ಹಚ್ಚಿದ ಪದರ ನಿಲ್ಲುವುದಿಲ್ಲ. ಪೆರು ದೇಶದ ಉಕಯಾಲಿ ನದಿಯ ದಂಡೆಯಲ್ಲಿ ಈ ಮಡಕೆಗಳನ್ನು ಮಾಡುವ ಶಿಪಿಬೊ-ಕೊನಿಬೊ ಬುಡಕಟ್ಟಿನ ಹೆಂಗಸರು ಬಣ್ಣದ ಮಣ್ಣಿನಿಂದಲೇ, ಸುಡುವುದಕ್ಕೆ ಮೊದಲು, ಚಿತ್ತಾರ ಬರೆಯುತ್ತಾರೆ. ನೀವೂ ಅದೇ ಕ್ರಮಕ್ಕೆ ಬರುವುದು ಒಳ್ಳೆಯದು.

ಅವರು ತಿಗರಿ ಬಳಸುವುದಿಲ್ಲ. ಮಣ್ಣಿನ ಎಳೆಗಳನ್ನು ಹೊಸೆದು, ಒಂದರ ಮೇಲೊಂದು ಸುತ್ತಿ, ಕೂಡಿಸಿ, ಕೆರೆದು ಗೋಡೆಯನ್ನು ತೆಳುವಾಗಿಸುತ್ತಾರೆ. ಬಯಲು ಬೆಂಕಿಯಲ್ಲಿ ಶಾಖ ಬೇಗ ಏರುವುದರಿಂದ ಬರಿಯ ಜಿಗುಟು ಮಣ್ಣು ಬಿರಿಯುತ್ತದೆ. ಅದಕ್ಕಾಗಿ ಹಳೆಯ ಬೋಕಿಗಳ, ಅಂದರೆ ಒಡೆದ ಮಡಕೆ ಚೂರುಗಳ, ಪುಡಿಯನ್ನೂ, ಕರೈಪೆ ಎಂಬ ಮರದ ತೊಗಟೆಯನ್ನು ಸುಟ್ಟ ಬೂದಿಯನ್ನೂ ಬೆರೆಸುತ್ತಾರೆ. ಆ ಬೂದಿಯಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಹೆಚ್ಚು. ನಮ್ಮಲ್ಲಿ ಭತ್ತದ ಹೊಟ್ಟಿನ ಬೂದಿಯಲ್ಲೂ ಅದು ಹೇರಳವಾಗಿರುವುದರಿಂದ, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಬೂದಿ ಅಥವಾ ಬೋಕಿ ಪುಡಿ ಸೇರಿಸಿ ಸಣ್ಣ ಬಟ್ಟಲೊಂದನ್ನು ಸುಟ್ಟು ನೋಡಿ. ಪುಡಿ ಮಾಡುವಾಗ ಮುಖಕ್ಕೆ ಮಾಸ್ಕ್ ಇರಲಿ, ಏಕೆಂದರೆ ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮಡಕೆ ಅರೆ ಒಣಗಿದಾಗ ಬಿಳಿ ಜೇಡಿಯನ್ನು ನೀರಿನಲ್ಲಿ ಕಲಸಿ ತೆಳುವಾಗಿ ಬಳಿಯಿರಿ, ನಯವಾದ ಕಲ್ಲಿನಿಂದ ಉಜ್ಜಿರಿ. ಪೂರ್ತಿ ಒಣಗಿದ ಮಡಕೆಗೆ ದಪ್ಪವಾಗಿ ಬಳಿದರೆ ಕುಗ್ಗುವಿಕೆ ಹೊಂದದೆ ಪದರ ಉದುರುತ್ತದೆ. ಕೆಂಪಿಗೆ ಕೆಮ್ಮಣ್ಣು ಸಾಕು. ಕಪ್ಪಿಗೆ ಇದ್ದಿಲ ಪುಡಿ ಬೇಡ. ಅದು ಬೆಂಕಿಯಲ್ಲಿ ಉರಿದುಹೋಗುತ್ತದೆ. ಮ್ಯಾಂಗನೀಸ್ ಅಂಶವಿರುವ ಅದಿರಿನ ಪುಡಿ ಉಳಿಯುತ್ತದೆ, ಆದರೆ ಅದರ ಧೂಳೂ ಹೊಗೆಯೂ ವಿಷ. ಬಯಲಲ್ಲೇ ಸುಡಿ, ಉಣ್ಣುವ ಪಾತ್ರೆಗೆ ಬಳಸಬೇಡಿ.

ಇನ್ನು ಗೆರೆಗಳ ವಿಷಯ. ಈ ಚಿತ್ತಾರಕ್ಕೆ ಕೆನೆ ಎಂದು ಹೆಸರು; 2008ರಲ್ಲಿ ಪೆರು ಸರ್ಕಾರ ಅದನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ನೀವು ಒಂದೊಂದು ಮೂಲೆಯನ್ನೂ ಬಿಡಿಬಿಡಿಯಾಗಿ ನಕಲು ಮಾಡಿದ್ದರಿಂದಲೇ ಅದು ಬಿಗಿಯಾಗಿ ಕೂರುತ್ತಿಲ್ಲ ಎಂದು ನನಗನಿಸುತ್ತದೆ. ಮೊದಲು ದಪ್ಪ ಗೆರೆಯೊಂದು ಮೆಟ್ಟಿಲಿನಂತೆ ತಿರುಗುತ್ತ ಇಡೀ ಪಟ್ಟಿಯನ್ನು ಹಂಚಿಕೊಳ್ಳಬೇಕು. ಆಮೇಲೆ ಅದರ ಎರಡೂ ಬದಿಗೆ ಸಣ್ಣ ಗೆರೆ ಜೊತೆಯಾಗಿ ಸಾಗಬೇಕು. ಕೊನೆಗೆ ಉಳಿದ ಖಾಲಿ ಜಾಗವನ್ನು ಇನ್ನೂ ಸಣ್ಣ ಗೆರೆಗಳು ತುಂಬಬೇಕು. ಕುತ್ತಿಗೆಗೊಂದು ಪಟ್ಟಿ, ಹೊಟ್ಟೆಗೊಂದು ಪಟ್ಟಿ ಎಂದು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ನೀರಿಗೂ ಮರಗೆಣಸಿನ ಹುಳಿಪಾನೀಯಕ್ಕೂ ಬಳಸುವ ಚೊಮೊ ಎಂಬ ದೊಡ್ಡ ಗಡಿಗೆಯಲ್ಲಿ ಮೇಲ್ಭಾಗಕ್ಕೆ ಮಾತ್ರ ಬಿಳಿ ಬಳಿದು ಬರೆಯುವುದು ಸಾಮಾನ್ಯ, ಆದ್ದರಿಂದ ತಳದವರೆಗೆ ಗೆರೆ ಎಳೆಯುವ ಅಗತ್ಯವಿಲ್ಲ. ನುರಿತವರು ಮೊದಲೇ ಗುರುತು ಹಾಕಿಕೊಳ್ಳದೆ, ತಲೆಗೂದಲಿನ ಕೆಲವೇ ಎಳೆಗಳಿಂದ ಕಟ್ಟಿದ ಕುಂಚದಲ್ಲಿ ನೇರವಾಗಿ ಬರೆಯುತ್ತಾರೆ. ನೀವು ಕಾಗದದ ಮೇಲೆ ದಪ್ಪ ಗೆರೆಯನ್ನಷ್ಟೇ ಅಭ್ಯಾಸ ಮಾಡಿ, ಉಳಿದದ್ದು ಅದನ್ನೇ ಅನುಸರಿಸುತ್ತದೆ.

ಸುಟ್ಟ ಮಡಕೆ ಇನ್ನೂ ಬಿಸಿಯಾಗಿರುವಾಗಲೇ ಅವರು ಮರದ ರಾಳವನ್ನು ಸವರುತ್ತಾರೆ. ಅದು ಕರಗಿ ಹರಡಿ ಹೊಳಪು ಕೊಡುತ್ತದೆ, ನೀರು ಜಿನುಗುವುದನ್ನೂ ತಗ್ಗಿಸುತ್ತದೆ. ರಾಳ ಶಾಖಕ್ಕೆ ಮತ್ತೆ ಮೆತ್ತಗಾಗುವುದರಿಂದ ಅಂಥ ಮಡಕೆಯನ್ನು ಒಲೆಯ ಮೇಲೆ ಇಡಬೇಡಿ. ಅಡುಗೆಗೆ ಅವರೂ ಬಣ್ಣವಿಲ್ಲದ ಮಡಕೆಯನ್ನೇ ಬೇರೆ ಮಾಡಿಕೊಳ್ಳುತ್ತಾರೆ.