ಮನೆಯಲ್ಲಿ ಸರಿ, ಲ್ಯಾಬಿನಲ್ಲಿ ಮೈನಸ್!

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. 1ರಿಂದ 2000ದವರೆಗಿನ ಸಂಖ್ಯೆಗಳ ವರ್ಗಗಳನ್ನು ಪೈಥಾನ್ ಭಾಷೆಯ ನಮ್‌ಪೈ (ಸಂಖ್ಯೆಗಳ ಲೆಕ್ಕಕ್ಕಿರುವ ಲೈಬ್ರರಿ) ಬಳಸಿ ಕೂಡಿದೆ. ಮನೆಯ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ 2668667000 ಬಂತು. ಕಾಲೇಜಿನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅದೇ ಪ್ರೋಗ್ರಾಂ -1626300296 ಕೊಡುತ್ತದೆ. ಎರಡೂ 64 ಬಿಟ್ ಯಂತ್ರಗಳೇ. ಲ್ಯಾಬಿನ ಕಂಪ್ಯೂಟರ್ ಕೆಟ್ಟಿದೆಯಾ, ಸಾರ್?
– ಓದುಗರೊಬ್ಬರು, ಹಾಸನ

ಉತ್ತರ: ಕಂಪ್ಯೂಟರ್ ಚೆನ್ನಾಗಿಯೇ ಇದೆ. ನಿಮ್ಮ ಲೆಕ್ಕವೂ ಸರಿ. ಎರಡು ಉತ್ತರಗಳ ವ್ಯತ್ಯಾಸ ತೆಗೆದು ನೋಡಿ: 4294967296. ಅಂದರೆ 2ರ 32ನೇ ಘಾತ. 32 ಬಿಟ್‌ನಲ್ಲಿ, ಅಂದರೆ 0 ಅಥವಾ 1 ಹಿಡಿಸುವ 32 ಮನೆಗಳಲ್ಲಿ, ಬರೆಯಬಹುದಾದ ಸಂಖ್ಯೆಗಳು ಒಟ್ಟು ಇಷ್ಟೇ. ಕಳ್ಳ ಸಿಕ್ಕಿಬಿದ್ದ, ಅಲ್ವಾ?

ನಮ್‌ಪೈ ಮೊದಲಿನಿಂದ ಪೂರ್ಣಾಂಕದ ಅಳತೆಯನ್ನು ಸಿ ಭಾಷೆಯ ‘ಲಾಂಗ್’ ಎಂಬ ಪೂರ್ಣಾಂಕದ ಬಗೆಯಿಂದ ಪಡೆಯುತ್ತಿತ್ತು. 64 ಬಿಟ್ ಲಿನಕ್ಸ್, ಮ್ಯಾಕ್‌ಗಳಲ್ಲಿ ಲಾಂಗ್ ಎಂದರೆ 64 ಬಿಟ್. ವಿಂಡೋಸ್‌ನಲ್ಲಿ ಯಂತ್ರ 64 ಬಿಟ್ ಆದರೂ ಲಾಂಗ್ ಮಾತ್ರ 32. ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 2147483647. ಇದಕ್ಕೆ ಒಂದು ಕೂಡಿದರೆ ಸೀದಾ -2147483648ಕ್ಕೆ ಹೋಗುತ್ತದೆ. ಅರೇಗಳ (ನಮ್‌ಪೈನ ಸಂಖ್ಯೆಗಳ ಸಾಲುಗಳ) ಲೆಕ್ಕದಲ್ಲಿ ಒಂದು ಎಚ್ಚರಿಕೆಯೂ ಬರುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಮೈನಸ್ ಬಂದದ್ದು ನಿಮ್ಮ ಪುಣ್ಯ. 2000ದ ಬದಲು 3000ದವರೆಗೆ ಕೂಡಿದ್ದರೆ ಲ್ಯಾಬಿನಲ್ಲಿ 414565908 ಬರುತ್ತಿತ್ತು. ಸರಿಯುತ್ತರ 9004500500. ಮೈನಸ್ ಇಲ್ಲ, ನೋಡೋಕೆ ಸಭ್ಯ ಸಂಖ್ಯೆ. ರೆಕಾರ್ಡ್ ಪುಸ್ತಕಕ್ಕೆ ಸುಮ್ನೆ ಬರೆದುಕೊಂಡು ಬರುತ್ತಿದ್ದಿರಿ.

2024ರಲ್ಲಿ ಬಂದ ನಮ್‌ಪೈ 2.0ದಲ್ಲಿ ಇದನ್ನು ಸರಿಮಾಡಿದ್ದಾರೆ. 64 ಬಿಟ್ ವಿಂಡೋಸ್‌ನಲ್ಲೂ ಈಗ ಪೂರ್ಣಾಂಕ 64 ಬಿಟ್. ನಿಮ್ಮ ಲ್ಯಾಬಿನಲ್ಲಿ ಇರುವುದು ಅದಕ್ಕಿಂತ ಹಳೆಯದು. ಅಪ್‌ಡೇಟ್ ಮಾಡಲು ಬಿಡದಿದ್ದರೆ ಅರೇ ಮಾಡುವಾಗಲೇ ಡಿಟೈಪ್ (ಅರೇಯಲ್ಲಿರುವ ಸಂಖ್ಯೆಯ ಬಗೆ) ಜಾಗದಲ್ಲಿ ಇಂಟ್64, ಅಂದರೆ 64 ಬಿಟ್ ಪೂರ್ಣಾಂಕ, ಎಂದು ಬರೆದುಬಿಡಿ. ಈ ‘ಮಾಡುವಾಗಲೇ’ ಮುಖ್ಯ. ಗುಣಾಕಾರದಲ್ಲೇ ಉಕ್ಕಿಹೋದ ಸಂಖ್ಯೆಯನ್ನು ಆಮೇಲೆ 64 ಬಿಟ್‌ಗೆ ಬದಲಿಸಿದರೆ ಕೆಟ್ಟದ್ದು ಕೆಟ್ಟ ಹಾಗೇ ಇರುತ್ತದೆ. ಹಾಗೆಯೇ, ಯಾರೋ ಇಂಟ್32 ಎಂದು ಉಳಿಸಿಕೊಟ್ಟ ಫೈಲ್ ತೆರೆದರೆ ಹೊಸ ನಮ್‌ಪೈ ಕೂಡ ಅದನ್ನು 32 ಬಿಟ್ ಆಗಿಯೇ ಓದುತ್ತದೆ. ಡಿಟೈಪ್ ಪ್ರಿಂಟ್ ಮಾಡಿ ನೋಡಿಕೊಳ್ಳಿ.

64 ಬಿಟ್‌ಗೂ ಮಿತಿ ಇದೆ. ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಎಲ್ಲವನ್ನೂ ಗುಣಿಸಿದ್ದು) 20ರವರೆಗೆ ಹಿಡಿಸುತ್ತದೆ, 21ಕ್ಕೆ ಉಕ್ಕುತ್ತದೆ. ಅಂಥ ಲೆಕ್ಕಕ್ಕೆ ನಮ್‌ಪೈ ಬಿಟ್ಟು ಪೈಥಾನ್‌ನ ಮಾಮೂಲಿ ಪೂರ್ಣಾಂಕವನ್ನೇ ಬಳಸಿ. ಸ್ವಲ್ಪ ನಿಧಾನ, ಆದರೆ ಮೆಮೊರಿ ಇರುವಷ್ಟೂ ಬೆಳೆಯುತ್ತದೆ.