ಮಧ್ಯಾಹ್ನ ಎಫ್‌ಬಿಜಿ ರೀಡಿಂಗ್ ಏರುವುದು ಯಾಕೆ?

ಲೋಡ್ ಇಲ್ಲದಿದ್ದರೂ ಕಾಂಕ್ರೀಟ್ ಬೀಮ್‌ಗೆ ಅಂಟಿಸಿದ ಎಫ್‌ಬಿಜಿ (ಫೈಬರ್ ಬ್ರ್ಯಾಗ್ ಗ್ರೇಟಿಂಗ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕಿನಿಂದ ಅಳೆಯುವ) ಸೆನ್ಸರ್ ಮಧ್ಯಾಹ್ನ ಜಾಸ್ತಿ ಸ್ಟ್ರೇನ್ (ಹಿಗ್ಗುವಿಕೆ) ತೋರಿಸುತ್ತದೆ, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಬಹುಶಃ ಕೆಟ್ಟಿಲ್ಲ. ಅದು ಬಿಸಿಲನ್ನೂ ಸೇರಿಸಿ ಅಳೆಯುತ್ತಿದೆ, ಅಷ್ಟೇ.

ಲೆಕ್ಕ ನೋಡಿ. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ 1 ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ) ಸೆನ್ಸರ್ ಹಿಂದಿರುಗಿಸುವ ಬೆಳಕಿನ ತರಂಗಾಂತರ ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ. 1 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 10 ಪಿಕೋಮೀಟರ್! ಅಂದರೆ 1 ಡಿಗ್ರಿ ಶಾಖ ಹೆಚ್ಚುಕಡಿಮೆ 8 ಮೈಕ್ರೋಸ್ಟ್ರೇನ್ ತರಹ ಕಾಣುತ್ತದೆ. ಬೀಮ್ 10 ಡಿಗ್ರಿ ಕಾದರೆ 80 ಮೈಕ್ರೋಸ್ಟ್ರೇನ್ ಸುಮ್ನೆ ಬಂದುಬಿಡುತ್ತದೆ. ಸಾಲದ್ದಕ್ಕೆ ಕಾಂಕ್ರೀಟ್ ತಾನೇ ಡಿಗ್ರಿಗೆ ಸುಮಾರು 10 ಮೈಕ್ರೋಸ್ಟ್ರೇನ್ ಹಿಗ್ಗಿ ಫೈಬರನ್ನೂ ಎಳೆಯುತ್ತದೆ.

ಬಿಸಿಯ ಪಾಲನ್ನು ತೆಗೆಯಲು ಪಕ್ಕದಲ್ಲೇ ಇನ್ನೊಂದು ಎಫ್‌ಬಿಜಿ ಇಡಿ. ಅದನ್ನು ಅಂಟಿಸಬೇಡಿ, ಸಣ್ಣ ಕೊಳವೆಯೊಳಗೆ ಸಡಿಲವಾಗಿರಲಿ, ಆಗ ಅದು ಬಿಸಿಯನ್ನು ಮಾತ್ರ ತೋರಿಸುತ್ತದೆ. ಅದರ ಬದಲಾವಣೆಯನ್ನು ಮೊದಲನೆಯದರಿಂದ ಕಳೆಯಿರಿ. ಇದನ್ನು ನೆರಳಿನ ಡಬ್ಬಿಯಲ್ಲಿಟ್ಟರೆ ಏನೂ ಪ್ರಯೋಜನವಿಲ್ಲ. ಎರಡಕ್ಕೂ ಒಂದೇ ಬಿಸಿಲು ಬೀಳಬೇಕು, ಅಲ್ವಾ? ಕಾಂಕ್ರೀಟಿನ ಹಿಗ್ಗುವಿಕೆಯನ್ನು ಮಾತ್ರ ಬೇರೆಯಾಗಿ ಕಳೆಯಬೇಕು.

ಫೈಬರಿಗೆ ಪಾಲಿಇಮೈಡ್ ಲೇಪನವಿದ್ದರೆ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಅದೂ ಸ್ವಲ್ಪ ಸ್ಟ್ರೇನ್ ತರಹ ಕಾಣುತ್ತದೆ.

ಇನ್ನೊಂದು ಪರೀಕ್ಷೆ: ಇವತ್ತು ಮುಂಜಾನೆಯ ರೀಡಿಂಗ್ ಬರೆದಿಡಿ. ನಾಳೆ ಮುಂಜಾನೆ ಅದೇ ಉಷ್ಣತೆಯಲ್ಲಿ ಅದೇ ಅಂಕಿ ಬಂದರೆ ಸೆನ್ಸರ್ ಸರಿಯಿದೆ. ದಿನದಿನಕ್ಕೆ ಜಾರುತ್ತಿದ್ದರೆ ಮೊದಲು ಅಂಟನ್ನು ಅನುಮಾನಿಸಿ, ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ.